ಕವಲು ಕಥೆಯ ಖಾಲಿ ಪುಟಗಳು

ತಾಳವಾಡಿ ಬಸ್ ಸ್ಟ್ಯಾಂಡಿನ ಗೋಡೆಗೆ ಒಬ್ಬಾತ ತಮಿಳು ಪೋಸ್ಟರ್ ಅಂಟಿಸುತ್ತಿದ್ದ. ಬಕೆಟ್ಟಿನಲ್ಲಿ ಮೈದಾ ಅಂಟು, ಹುಳ ಹಿಡಿಯದಿರಲೆಂದು ಅದಕ್ಕೆ ಕದಡಿದ ಮೈಲುತುತ್ತ. ಬಸ್ಸು ತಪ್ಪೀತೆಂದು ಒಂದು ಗಂಟೆ ಮೊದಲೇ ಬಂದು ನಿಂತಿದ್ದ ನನ್ನ ಮೂಗಿಗೆ ಆ ಹುಳಿ ವಾಸನೆ ಬಡಿಯಿತು. ನಮ್ಮ ಕನ್ನಡ ಮೇಷ್ಟ್ರು ಇಂಥದೇ ಅಂಟು ಕಾಸಿ ಒಂದು ನೋಟ್‌ಬುಕ್ಕಿಗೆ ರಟ್ಟು ಹಾಕಿದ್ದರು...

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ದೊಡ್ಡಗಾಜನೂರಿನಲ್ಲಿ ಏಳನೇ ಕ್ಲಾಸಿನ ಹುಡುಗಿ. ಮೇಷ್ಟ್ರು ಮೈಸೂರಿನ ನೆಂಟರ ಮನೆಯಲ್ಲಿ ಮಕ್ಕಳ ಇಂಗ್ಲಿಷ್ ಪುಸ್ತಕವೊಂದನ್ನು ನೋಡಿ ಬಂದಿದ್ದರು. ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವಂತಿಲ್ಲವಂತೆ. ಗುಹೆಯೊಳಗೆ ಹೋಗುವುದಾದರೆ ಇಂಥ ಪುಟ, ಹೋಗದಿದ್ದರೆ ಇಂಥ ಪುಟ, ಓದುವವರೇ ಆರಿಸಿಕೊಳ್ಳಬೇಕು. ಮೇಷ್ಟ್ರಿಗೆ ಹುಚ್ಚು ಹಿಡಿಯಿತು. ತಮಿಳುನಾಡಿಗೆ ಸೇರಿದ ನಮ್ಮ ಬೆಟ್ಟದ ಮಕ್ಕಳಿಗೆ ಕನ್ನಡದಲ್ಲಿ ಪಾಠದ ಪುಸ್ತಕವೇ ತಡವಾಗಿ ಬರುತ್ತಿದ್ದ ಕಾಲ. ಅಂಥದೊಂದು ಕಥೆಯನ್ನು ತಾವೇ ಬರೆದು ಅಚ್ಚು ಹಾಕಿಸಬೇಕೆಂದು ಹೊರಟರು.

ಈಗಲೇ ಹೇಳಿಬಿಡುತ್ತೇನೆ, ಇಂಥ ಪುಸ್ತಕಗಳ ಮೇಲೆ ನನಗೆ ಅಂದೂ ಇಂದೂ ಕವಡೆ ಕಾಸಿನ ಗೌರವವಿಲ್ಲ. ಕಥೆ ಎಲ್ಲಿಗೆ ಹೋಗಬೇಕೆಂದು ತನಗೇ ತಿಳಿಯದವನು ಓದುವವರ ತಲೆಗೆ ಕಟ್ಟುವ ಕೆಲಸ ಇದು. ಉಪ್ಪು ನೀವೇ ಹಾಕಿಕೊಳ್ಳಿ, ಖಾರ ನೀವೇ ಅರೆದುಕೊಳ್ಳಿ ಎಂದು ಎಲೆ ಹಾಸಿ ಕೂರಿಸಿದರೆ ಅದು ಯಾವ ಸೀಮೆ ಊಟ? ಮೇಷ್ಟ್ರ ಕಥೆಯಲ್ಲಿ ಯಾವ ದಾರಿ ಹಿಡಿದರೂ ಎರಡೇ ಗತಿ: ನಿಧಿ ಸಿಕ್ಕುತ್ತಿತ್ತು, ಇಲ್ಲವೇ ಹಳ್ಳಕ್ಕೆ ಬಿದ್ದು ಸಾಯುತ್ತಿದ್ದೆವು. ಆ ಸಾವಿಗೆ ಅಳಲೂ ಬಿಡುವಿಲ್ಲ. ‘ಸತ್ತಿರಿ. ಮೊದಲ ಪುಟಕ್ಕೆ ಹೋಗಿ’, ಅಷ್ಟೇ. ನನ್ನಂಥ ಪುಕ್ಕಲಿಗೆ ಅದು ಓದಲ್ಲ, ಶಿಕ್ಷೆ. ಮೇಷ್ಟ್ರು ಕರಡನ್ನು ಓದಲು ಕೊಟ್ಟಾಗ, ತಪ್ಪಿದರೆ ವಾಪಸು ಬರಲೆಂದು ಐದು ಹಾಳೆಗಳ ನಡುವೆ ಐದು ಬೆರಳು ಸಿಕ್ಕಿಸಿ ಕೂತಿರುತ್ತಿದ್ದೆ. ಮುಂದಿನದನ್ನು ತಿರುವಲು ಪಕ್ಕದವಳನ್ನು ಕರೆಯಬೇಕು.

ಬರೆದಷ್ಟನ್ನು ಮೇಷ್ಟ್ರು ಕ್ಲಾಸಿಗೆ ತಂದು ಓದುತ್ತಿದ್ದರು. ಎದುರಿಗೆ ಆನೆ ನಿಂತಿದೆ, ಎಡಕ್ಕೋ ಬಲಕ್ಕೋ ಎಂದು ಕೇಳಿದ ದಿನ, ಕಾಡಂಚಿನ ಜೀರಹಳ್ಳಿಯಿಂದ ಬಂದು ಅಜ್ಜಿ ಮನೆಯಲ್ಲಿದ್ದ ಕೂಲಿಯವರ ಹುಡುಗ ಎದ್ದು ನಿಂತ.

“ಆನ ಮುಂದ ನಿಂತ್ಕಂಡು ಪುಟ ತಿರುವ್ತಾ ಇದ್ರ ಆಯ್ತದಾ ಸಾ? ಅಷ್ಟೊತ್ತಿಗ ತುಳ್ದು ಚಟ್ನಿ ಮಾಡ್ಬುಟ್ಟಿರ್ತದ.”

“ಮತ್ತ ನೀನೇನ್ಲಾ ಮಾಡೀಯೆ?”

“ಗಾಳಿ ನೋಡ್ತೀನಿ ಸಾ. ಎಡಕ್ಕಾ ಬಲಕ್ಕಾ ಅನ್ನದ ಗಾಳಿ ಯೋಳ್ತದ. ಆರ್ಸಕ್ಕ ನಾನ್ಯಾರು?”

ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಆ ಹಾಳೆಯನ್ನು ಹರಿದುಹಾಕಿ, ಮಾರನೆಯ ದಿನ ಗಾಳಿಯನ್ನು ಸೇರಿಸಿ ಬರೆದು ತಂದರು.

ಆ ಪುಸ್ತಕದ ಒಂದು ಗುಣವನ್ನು ಮಾತ್ರ ಹೊಟ್ಟೆಕಿಚ್ಚಿಲ್ಲದೆ ಒಪ್ಪಬೇಕು. ಅದು ಓದುವವರನ್ನು ‘ನೀವು’ ಎನ್ನುತ್ತಿತ್ತು. ‘ನೀವು ಕಾಡಿನ ಅಂಚಿನಲ್ಲಿ ನಿಂತಿದ್ದೀರಿ’ ಎಂಬ ಸಾಲನ್ನು ಆ ಹುಡುಗನ ಕೈಲಿ ಓದಿಸಿದಾಗ ಹೊಲಮನೆ ಇದ್ದವರ ಮಗನೊಬ್ಬ ಕಿಸಕ್ಕೆಂದ. “ಇವನ್ಗೂ ನೀವಾ ಸಾ?”

“ಓದೋನು ಯಾರ್ ಮಗ ಅಂತ ಪುಸ್ತಕಕ್ಕ ಗೊತ್ತಾದದೇನ್ಲಾ? ಮುಚ್ಕಂಡು ಕೂತ್ಕ” ಎಂದರು ಮೇಷ್ಟ್ರು. ‘ಲಾ’ ಬಿಟ್ಟು ಬೇರೇನೂ ಕರೆಸಿಕೊಂಡಿರದ ಕೂಲಿಯವರ ಹುಡುಗ ಆ ಸಾಲನ್ನು ಯಾರೂ ಹೇಳದೆ ಇನ್ನೊಮ್ಮೆ ಓದಿದ.

ಚಾಮರಾಜನಗರದ ಪ್ರೆಸ್ಸಿನವರೊಬ್ಬರು, ಅಂದವಾಗಿ ಬರೆದು ತನ್ನಿ, ನೋಡೋಣ ಎಂದಿದ್ದರಂತೆ. ನನ್ನ ಅಕ್ಷರ ದುಂಡಗಿತ್ತು. ಮೇಷ್ಟ್ರು ಕರಡು ಹಾಳೆಗಳನ್ನೂ ರಟ್ಟು ಹಾಕಿದ ಆ ನೋಟ್‌ಬುಕ್ಕನ್ನೂ ನನ್ನ ಕೈಗಿಟ್ಟು, “ನೋಡ್ಕಂಡು ಅಂಗೇ ಬರಿ ಕೂಸು” ಎಂದರು.

ಕಥೆ ಕವಲೊಡೆದಲ್ಲೆಲ್ಲ ಅವರು ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದರು. ನಾನೂ ಹಾಗೇ ಬಿಡುತ್ತ ಬರೆಯುತ್ತಿದ್ದಾಗ ಅವ್ವ ಬಗ್ಗಿ ನೋಡಿದಳು. “ಇದ್ಯಾಕಮ್ಮಿ ಆಳೆ ಇಂಗ್ ಆಳ್ ಮಾಡ್ದಯ್? ಇನ್ನೂ ಅರ್ಧ ಜಾಗ ಅದಲ್ಲ.” ನಮ್ಮ ಮನೆಯಲ್ಲಿ ಹಾಳೆ ಖಾಲಿ ಬಿಡುವುದು ತಟ್ಟೆಯಲ್ಲಿ ಮುದ್ದೆ ಬಿಟ್ಟಷ್ಟೇ ಪಾಪ. ಅಲ್ಲಿಂದ ಮುಂದೆ ಒತ್ತೊತ್ತಾಗಿ ತುಂಬಿಸಿದೆ. ಅರವತ್ತು ಪುಟದ ಕಥೆ ಮೂವತ್ತೆಂಟಕ್ಕೇ ಮುಗಿಯಿತು. ಆದರೆ ‘೪೪ನೇ ಪುಟಕ್ಕೆ ಹೋಗಿ’ ಎಂಬುದು ಹಾಗೇ ಉಳಿಯಿತು.

ಇದು ನನಗೆ ಅರ್ಧ ದಾರಿಯಲ್ಲೇ ಹೊಳೆದಿತ್ತು. ಹೋಗಬೇಕಾದ ಪುಟವನ್ನು ಹುಡುಕಿ ನೋಡಿದೆ, ಬೇರೇನೋ ಇತ್ತು. ನಾಯಿ ಬೊಗಳಿದರೆ, ಆಕಾಶ ಕಪ್ಪಾದರೆ, ಅಪ್ಪ ಸಂತೆಯಿಂದ ಬರುವುದು ತಡವಾದರೆ ಊರೆಲ್ಲ ಕೇಳುವಂತೆ ಗಾಬರಿಯಾಗುತ್ತಿದ್ದವಳು ಇದೊಂದನ್ನು ಮಾತ್ರ ಬಾಯಿ ಬಿಡಲಿಲ್ಲ. ನೋಟ್‌ಬುಕ್ಕು ಕೆಡಿಸಿದೆಯಲ್ಲ ಎಂದು ಬೈದಾರೆಂಬ ಭಯ. ಮೇಷ್ಟ್ರು ಮೊದಲ ಪುಟದ ಅಕ್ಷರವನ್ನು ಕೈಯಿಂದ ಸವರಿ ನೋಡಿ, ಮುಚ್ಚಿ ಚೀಲಕ್ಕಿಟ್ಟು ಬಸ್ಸು ಹತ್ತಿದರು.

ಪ್ರೆಸ್ಸಿನವನು ಅವರ ಎದುರಿಗೇ ಎರಡು ದಾರಿ ಹಿಡಿದು ನೋಡಿದನಂತೆ. ಒಂದು ದಾರಿ ಇಲ್ಲದ ಪುಟಕ್ಕೆ ಕಳಿಸಿತು. ಇನ್ನೊಂದರಲ್ಲಿ ಹಳ್ಳಕ್ಕೆ ಬಿದ್ದು ಸತ್ತವನು ಮುಂದಿನ ಸಾಲಿನಲ್ಲೇ ಕೂತು ರಾಗಿ ಅಂಬಲಿ ಕುಡಿಯುತ್ತಿದ್ದ. ಅಚ್ಚಿನ ಮೊಳೆ ಜೋಡಿಸುವವರನ್ನೂ ಕರೆದು ಓದಿಸಿ ಎಲ್ಲರೂ ನಕ್ಕರಂತೆ. ಸೋಮವಾರ ಮೇಷ್ಟ್ರು ನನ್ನನ್ನು ಹತ್ತಿರ ಕರೆದು ಇಷ್ಟನ್ನೂ ಹೇಳಿ, “ಖಾಲಿ ಬುಡು ಅಂತ ನಾನೇ ಯೋಳ್ಬೇಕಾಗಿತ್ತು ಕಣಮ್ಮಿ, ನಿನ್ಗೇನ್ ಗೊತ್ತು” ಎಂದರು. ಅವರು ಸರಿ ಮಾಡಿ ಮತ್ತೆ ಬರೆಯಬಹುದಿತ್ತು. ಬರೆಯಲಿಲ್ಲ. ಆನೆ ಕಥೆ ಏನಾಯಿತೆಂದು ಹುಡುಗರು ಕೇಳಿದರೆ, “ಪಾಠ ತಗೀರಿ” ಎನ್ನುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ತಿಳಿದು ಮನೆಗೆ ಹೋಗಿದ್ದೆ. ಅವರ ಹೆಂಡತಿ ಕಾಫಿ ಕೊಟ್ಟು ನನ್ನ ಮುಖವನ್ನೇ ನೋಡಿದರು.

“ಆ ಕೂಸ್ನ ಯಾರೂ ಏನೂ ಅನ್ಬಾರ್ದು, ತಿಳೀದೆ ಮಾಡ್ತು ಅಂತ ಕೊನ್ಗಂಟ ಅಂತಿದ್ರು. ಅದು ನೀನೇನವ್ವ?”

ಹೂಂ ಎಂದೆ. ತಿಳಿದೇ ಮಾಡಿದ್ದು ಎನ್ನಲು ಬಾಯಿ ತೆರೆದೆ... ಸಕ್ಕರೆ ಸಾಕಾ ಎಂದು ಕೇಳಿದರು. ಸಾಕು ಎಂದೆ.

ಹೋದ ವರ್ಷ ಆಕೆಯೂ ಹೋದರು. ಹೇಳಬೇಕಾದವರಿಬ್ಬರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ನನಗೆ ಇದನ್ನು ಬರೆಯುವ ಧೈರ್ಯ ಬಂದದ್ದು.