ಬೀಗರ ಕಂಪ್ಯೂಟರ್ ಒಪ್ಪದ ನಡೆ

ಆಗ ನನಗೆ ಅರವತ್ತೆಂಟು. ಇದಾಗಿ ಐದು ವರ್ಷ. ಓದು ಮೂರನೇ ಕ್ಲಾಸಿಗೇ ನಿಂತಿತ್ತು, ಚದುರಂಗ ನಿಂತಿರಲಿಲ್ಲ. ನನ್ನ ತವರೂರು ಕಳಲೆಯಲ್ಲಿ ಜಗಲಿ ಮೇಲೆ ನಮ್ಮಪ್ಪ ಕಲಿಸಿದ್ದು. ನಮ್ಮ ಹಳೇ ಆಟದಲ್ಲಿ ಒಂದು ಕಟ್ಟಳೆ ಉಂಟು: ಚೆಕ್ ಬೀಳೋ ಮುಂಚೆ ರಾಜ ಒಂದೇ ಒಂದು ಸಲ ಕುದುರೆ ಹಂಗೆ ನೆಗೆಯಬಹುದು.

ನನ್ನ ಮಗನ ಮಾವ, ಅಂದರೆ ನಮ್ಮ ಬೀಗರು, ಟಿ. ನರಸೀಪುರದವರು. ಮೊಮ್ಮಗಳ ನಾಮಕರಣದ ಊಟ ಮುಗಿಸಿ ಅವರ ಮನೇಲಿ ಆಟಕ್ಕೆ ಕೂತೆವು.

"ಹಳೇ ಆಟ ತಾನೆ?" ಅಂತ ಮೊದಲೇ ಕೇಳಿದೆ.

"ಊ ಕಣ್ ಬೀಗ್ತ್ಯಮ್ಮ, ಹಳೇದೇ ಇಟ್ಕಳಿ" ಅಂದರು.

ರಾಜನನ್ನ ನೆಗೆಸಿ ಗೆದ್ದೆ. ನೆಂಟರೆಲ್ಲ ಚಪ್ಪಾಳೆ ಹೊಡೆದರು. ಬೀಗರು ನಕ್ಕಂಗೆ ಮಾಡಿದರು.

ಆಡಿದ ಪ್ರತಿ ನಡೆಯನ್ನೂ ಕಂಪ್ಯೂಟರಿಗೆ ಹಾಕಿ ಇಟ್ಕೊಳ್ಳೋದು ಅವರಿಗೊಂದು ಚಟ. ಅದಕ್ಕೆ ಅಂತಲೇ ಪುಕ್ಕಟೆ ಸಿಗೋ ಸಾಫ್ಟ್‌ವೇರ್ ಇದೆ. ಈ ಆಟ ಹಾಕುವಾಗ ರಾಜನ ನೆಗೆತಕ್ಕೆ ಅದು 'ತಪ್ಪು ನಡೆ' ಅಂತ ಕೆಂಪಗೆ ತೋರಿಸಿ ನಿಂತುಬಿಡ್ತಂತೆ. ಬೀಗರು ಅಲ್ಲಿಗೇ ಆಟ ಮುಗಿಸಿ, ಗೆದ್ದವರ ಜಾಗಕ್ಕೆ ತಮ್ಮ ಹೆಸರು ಹಾಕಿಕೊಂಡರು.

ಆಮೇಲೆ ನಂಜನಗೂಡಿನ ಛತ್ರದಲ್ಲಿ ನೆಂಟರ ಮನೆಯದೊಂದು ಸೀಮಂತ. ಬೀಗರು ಪಂಕ್ತಿಯಲ್ಲಿ ಕೂತು, ಆ ಕೆಂಪು ಬಂದಿದ್ದರ ಫೋಟೋ ತೋರಿಸೋಕೆ ಮೊಬೈಲು ಎತ್ತಿ ಹಿಡಿದರು. "ನೋಡಿ ಇಲ್ಲಿ! ಬೀಗ್ತ್ಯಮ್ಮ ಗೆದ್ದಿದ್ದು ಮೋಸ ಅಂತ ಕಂಪ್ಯೂಟ್ರೇ ಯೋಳ್ತಾದೆ!" ಎಲೆ ಮುಂದೆ ಕೂತವರೆಲ್ಲ ಗೊಳ್ಳೆಂದರು. ನಾನು ಪಾಯಸ ಬಡಿಸುತ್ತಿದ್ದೆ. ಅವರ ಎಲೆ ಬಿಟ್ಟು ಪಕ್ಕದ ಎಲೆಗೆ ಬಡಿಸಿದೆ. ಅಷ್ಟಕ್ಕೆ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಸೋತಿದ್ದರೆ ಸೋತೆ ಅಂತಿದ್ದೆ. ಮೋಸಗಾತಿ ಅನ್ನಿಸಿಕೊಂಡು ಸಾಯೋಳಲ್ಲ ನಾನು.

ಮನೆಗೆ ಬಂದು ಸೊಸೇನ ಕೇಳಿದೆ, "ಅದನ್ನ ಮಾಡಿದೋರು ಯಾರು?"

"ಯಾರೋ ಒಬ್ಬರಲ್ಲ ಅತ್ತೆ. ಊರೂರಲ್ಲಿರೋರು ಸೇರಿ ಮಾಡ್ತಾರೆ. ಹಿಂಗೆ ಸರಿಮಾಡಿ ಅಂತ ಯಾರು ಬೇಕಾದ್ರೂ ಬರೀಬಹುದು."

"ಅಂಗಾರೆ ಬರಿ."

"ನಮ್ಮಪ್ಪನ ಮೇಲೆ ನಾನೇ ಬರೀಲಾ?"

"ನಿಮ್ಮಪ್ಪನ ಮೇಲೆ ಬ್ಯಾಡ. ಕಂಪ್ಯೂಟ್ರು ಮೇಲೆ ಬರಿ. ನಿಮ್ಮಪ್ಪನ್ನ ನಾ ನೋಡ್ಕತೀನಿ."

ನಾನು ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಹಾಕಿದಳು. ಆಟ ಶುರುವಾಗೋ ಮುಂಚೆ ಯಾವ ಕಟ್ಟಳೆ ಅಂತ ಕಂಪ್ಯೂಟರೇ ಕೇಳಲಿ. ಹಳೇದು ಅಂದರೆ ರಾಜನನ್ನ ಒಂದು ಸಲ ನೆಗೆಯೋಕೆ ಬಿಡಲಿ, ಎರಡನೇ ಸಲಕ್ಕೆ ಬೇಕಾದರೆ ಕೆಂಪಗೆ ತೋರಿಸಲಿ. ಯಾವುದೋ ದೇಶದವನು ಜವಾಬು ಕೊಟ್ಟ: ವಿಚಾರ ಚೆನ್ನಾಗಿದೆ, ಪರೀಕ್ಷೆಗೆ ಹಂಗೆ ಆಡಿದ ಆಟ ಒಂದಷ್ಟು ಕಳಿಸಿ. ಮಗನನ್ನ ಭಾನುವಾರ ಭಾನುವಾರ ಹಿಡಿದು ಕೂರಿಸಿದೆ. "ಅಮ್ಮ, ನೀ ಗೆಲ್ಲೋಕೆ ನಾ ಯಾಕೆ ಸೋಲ್ಬೇಕು?" ಅಂತ ಗೊಣಗಿದ. "ಹೆಂಗೂ ಸೋಲ್ತೀಯ ಕಣ್ಲಾ, ಬೇಗ ನಡೆಸು" ಅಂದೆ. ಎಲ್ಲಾನೂ ಕಳಿಸಿದೆವು.

ಸುಮಾರು ದಿನ ಸದ್ದಿಲ್ಲ. ಒಂದು ಸಂಜೆ ಸೊಸೆ ಬಂದು ಹೇಳಿದಳು, ಸರಿಮಾಡಿದ ಸಾಫ್ಟ್‌ವೇರ್ ಬಂದಿದೆ ಅಂತ. ಬೀಗರ ಜೊತೆ ಆಡಿದ ಆಟದ ನಡೆಗಳನ್ನ ನೆನಪಿಂದ ನಾನು ಹೇಳಿದೆ, ಅವಳು ಹಾಕಿ ತೋರಿಸಿದಳು. ರಾಜ ನೆಗೆದ, ಕೆಂಪು ಬರಲಿಲ್ಲ. ಕೊನೇ ನಡೆಗೆ, ಗೆದ್ದವರು ನಾನು ಅಂತ ಅದೇ ಬರೆದುಕೊಂಡಿತು.

"ಅಪ್ಪಂಗೆ ಫೋನಲ್ಲಿ ನಾನೇ ಹೇಳ್ತೀನಿ. ಬಿಟ್ಟುಬಿಡಿ ಅತ್ತೆ, ಅವರಿಗೂ ವಯಸ್ಸಾಗಿದೆ" ಅಂದಳು.

"ನನಗೇನು ಎಳೇ ಪ್ರಾಯವಾ? ಅವತ್ತು ನಕ್ಕೋರಿಗೆಲ್ಲ ಫೋನ್ ಮಾಡು. ನಾಳೆ ತಿಂಡಿಗೆ ನಿಮ್ಮಪ್ಪನ ಮನೇಗೆ ಬರ್ಲಿ."

ಮಾರನೇ ದಿನ ಬೆಳಿಗ್ಗೆ ಮೊದಲನೇ ಬಸ್ಸಿಗೆ ಸೊಸೇನ ಕರಕೊಂಡು ನರಸೀಪುರಕ್ಕೆ ಹೋದೆ. ಅಲ್ಲಿ ಹೊಸ ಸಾಫ್ಟ್‌ವೇರ್ ಹಾಕಿದವಳು ಅವಳೇ. ಬೀಗರನ್ನ ಅವರ ಕಂಪ್ಯೂಟರ್ ಮುಂದೆ ಕೂರಿಸಿ, ನೆಂಟರನ್ನ ಹಿಂದೆ ನಿಲ್ಲಿಸಿ, ಆ ಆಟದ ಒಂದೊಂದು ನಡೆಯನ್ನೂ ಅವರ ಕೈಯಲ್ಲೇ ಒತ್ತಿಸಿದೆ. ರಾಜನ ನೆಗೆತ ಬಂದಾಗ ಅವರ ಬೆರಳು ನಿಂತಿತು.

"ಒತ್ತಿ ಬೀಗರೇ, ಅದು ಕಚ್ಚಾಕಿಲ್ಲ" ಅಂದೆ.

ಒತ್ತಿದರು.