ಕತ್ತರಿ ಹಿಡಿದ ಹುಡುಗಿ

ದೊಡ್ಡಬಳ್ಳಾಪುರದಲ್ಲಿ ಮೂವತ್ತೆರಡು ವರ್ಷದಿಂದ ಪವರ್‌ಲೂಮ್ ರಿಪೇರಿ ಮಾಡುತ್ತಿದ್ದೇನೆ. ಬಚ್ಚಪ್ಪ ಮುಟ್ಟಿದ ಮಗ್ಗ ಎಂದರೆ ಮರುಮಾತಿಲ್ಲ. ನನ್ನ ಕೆಲಸವನ್ನು ನಂಬದ ಮನೆ ಇಡೀ ಊರಿಗೆ ಒಂದೇ, ಮುನಿರತ್ನಮ್ಮನದು. ಬೇರೆಯವರು ಮಗ್ಗ ಓಡಿದ್ದು ನೋಡಿ ಕಾಫಿ ಕೊಟ್ಟು ಕಳಿಸುತ್ತಾರೆ. ಈ ಮನೆಯಲ್ಲಿ ಓಡುವ ಮಗ್ಗವನ್ನು ನಿಲ್ಲಿಸಿ, ಲಾಳಿಯಿಂದ ಬರುವ ಎಳೆಯನ್ನು ಕತ್ತರಿಸಿ, ಮತ್ತೆ ಚಾಲೂ ಮಾಡುತ್ತಾರೆ. ಎಳೆ ಇಲ್ಲ ಎಂದು ತಿಳಿದು ಮಗ್ಗ ತಾನಾಗಿ ನಿಲ್ಲಬೇಕು. ನಿಂತರೆ ಮಾತ್ರ ಕಾಫಿ.

ಕತ್ತರಿ ಹಿಡಿಯುವುದು ಮಗಳು ಅಕ್ಷತ. ಅವಳಿಗೆ ಎಂಟು ವರ್ಷವಿದ್ದಾಗ ಒಮ್ಮೆ ನಾನು ರಿಪೇರಿ ಮಾಡಿದ ಮಗ್ಗ ನಿಲ್ಲಲೇ ಇಲ್ಲ. ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು. "ಮಾಮ, ಓಡ್ತೈತೆ, ಆದ್ರೆ ನೇಯ್ತಾ ಇಲ್ಲ" ಎಂದಳು, ಅಕ್ಕಪಕ್ಕದವರ ಮುಂದೆ. ನನಗೆ ಮೈಯೆಲ್ಲ ಉರಿದುಹೋಯಿತು. ಆರು ತಿಂಗಳು ಆ ಬೀದಿಗೆ ಕಾಲಿಡಲಿಲ್ಲ.

ಈಗ ಅವಳಿಗೆ ಇಪ್ಪತ್ತೇಳು. ದೇವನಹಳ್ಳಿ ಕಡೆಯ ಒಂದು ಕಂಪನಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕೆಲಸ, ವಾರಕ್ಕೆ ಮೂರು ದಿನ ಮನೆಯಿಂದಲೇ. ಏನು ಕೆಲಸವಮ್ಮ ಎಂದು ಕೇಳಿದರೆ "ಕೆಡಿಸೋದು ಮಾಮ" ಅಂದಳು. ಒಂದು ಆಸ್ಪತ್ರೆಯ ರೋಗಿಗಳ ದಾಖಲೆಯನ್ನು ಎರಡು ಬೇರೆ ಬೇರೆ ಕ್ಲೌಡ್‌ಗಳಲ್ಲಿ, ಅಂದರೆ ಎಲ್ಲೋ ದೂರದಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರುಗಳಲ್ಲಿ ಇಡುತ್ತಾರಂತೆ. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ಹಿಡಿಯಬೇಕು, ಹೊರಗಿನವರು ಒಳಗೆ ಬಾರದಂತೆ ಹಾಕಿದ ಬೀಗವೂ ಸಡಿಲಾಗಬಾರದು. ಅದನ್ನು ನೋಡಲು ಇವಳು ಬೇಕಂತಲೇ ಒಂದನ್ನು ಬೀಳಿಸುತ್ತಾಳೆ. ಇದಕ್ಕೂ ಸಂಬಳ ಕೊಡುವವರಿದ್ದಾರೆ ಎಂದು ಕೇಳಿ, ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು.

ಹೋದ ತಿಂಗಳು ಒಂದು ಬೆಳಿಗ್ಗೆ ಅವರ ಮಗ್ಗ ಬಿಚ್ಚಿಕೊಂಡು ಕೂತಿದ್ದೆ. ಪಕ್ಕದ ಕೋಣೆಯಲ್ಲಿ ಅಕ್ಷತ ಲ್ಯಾಪ್‌ಟಾಪ್ ಮುಂದೆ, ಆಸ್ಪತ್ರೆಯವರು ಕಾಲ್‌ನಲ್ಲಿ.

"ಬಚ್ಚಣ್ಣ, ಸುತ್ತಿಗೆ ಎತ್ತಬೇಡ. ಇವತ್ತು ಚೆನ್ನಾಗಾದ್ರೆ ಪರ್ಮನೆಂಟ್ ಮಾಡ್ತಾರಂತೆ" ಎಂದಳು ಮುನಿರತ್ನಮ್ಮ.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಕ್ಷತ ಒಂದು ಕ್ಲೌಡನ್ನು ಬೀಳಿಸಿದಳು. ಮುಕ್ಕಾಲು ನಿಮಿಷದಲ್ಲಿ ಇನ್ನೊಂದು ಕೆಲಸ ಹಿಡಿಯಿತು. ಸ್ಪೀಕರ್‌ನಲ್ಲಿ ಚಪ್ಪಾಳೆ. "ಪಾಸ್. ಸಂಜೆಗೆ ರಿಪೋರ್ಟ್ ಕಳಿಸ್ತೀವಿ" ಎಂದರು ಅವಳ ಮ್ಯಾನೇಜರ್ ರವಿಶಂಕರ್. ಅವಳನ್ನು ಪರ್ಮನೆಂಟ್ ಮಾಡುವವರೂ ಅವರೇ.

"ಇನ್ನೂ ಮುಗಿದಿಲ್ಲ ಸರ್" ಎಂದಳು ಅಕ್ಷತ. ಕೆಲಸ ಬಿಟ್ಟುಹೋದ ನೌಕರನದು ಎಂಬಂತೆ ತಾನೇ ಒಂದು ಸುಳ್ಳು ಹೆಸರು ಸೃಷ್ಟಿಸಿ, ಹಿಂದಿನ ದಿನ ಅದನ್ನು ರದ್ದು ಮಾಡಿಸಿದ್ದಳು. ಈಗ ಆ ಹೆಸರಿನಲ್ಲಿ ಒಳಗೆ ಹೋಗಲು ನೋಡಿದಳು. ಬಾಗಿಲು ತೆರೆದುಕೊಂಡಿತು. ರದ್ದಾದ ಸುದ್ದಿ ಎರಡನೆಯ ಕ್ಲೌಡಿಗೆ ಮುಟ್ಟಿಯೇ ಇರಲಿಲ್ಲ. ಯಾರದೋ ರಕ್ತಪರೀಕ್ಷೆ, ಯಾರದೋ ಹೆರಿಗೆ, ಎಲ್ಲ ಎದುರಿಗೆ.

ಇದು ಕಂಪನಿಯವರ ಪರದೆಯಲ್ಲಿ ಕಾಣುತ್ತಿತ್ತು, ಆಸ್ಪತ್ರೆಯವರಿಗೆ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಮೊಬೈಲ್ ರಿಂಗಾಯಿತು. ರವಿಶಂಕರ್. ಆಸ್ಪತ್ರೆಯವರ ಮುಂದೆ ಈ ಮಾತು ಎತ್ತಬೇಡ, ನಾಳೆ ನಾವೇ ಸರಿಮಾಡಿಕೊಳ್ಳೋಣ ಎಂದರಂತೆ. ಅವಳು ಫೋನ್ ಕೆಳಗಿಟ್ಟು ಒಮ್ಮೆ ತಾಯಿಯನ್ನು ನೋಡಿದಳು. ಆಮೇಲೆ ಲ್ಯಾಪ್‌ಟಾಪಿನ ಕಡೆ ತಿರುಗಿ ಹೇಳಿದಳು:

"ಸರ್, ಓಡ್ತಾ ಇದೆ. ಆದ್ರೆ ಬೀಗ ಇಲ್ಲ. ಇದು ಫೇಲ್."

ಮುನಿರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹತ್ತೊಂಬತ್ತು ವರ್ಷದ ಹಿಂದೆ ನನ್ನ ಮಾನ ಕಳೆದ ಮಾತಿಗೆ ನಾನು ಅವತ್ತು ಹೆಮ್ಮೆಪಟ್ಟೆ. ಕೊನೆಗೆ ಆಸ್ಪತ್ರೆಯ ಹೆಂಗಸೊಬ್ಬರು, ಮೊದಲು ಇದನ್ನು ಸರಿಮಾಡಿ, ಪರೀಕ್ಷೆಯನ್ನು ಮತ್ತೆ ಈ ಹುಡುಗಿಯೇ ಮಾಡಲಿ ಎಂದರು. ರವಿಶಂಕರ್ ಕಾಲ್ ಬಿಟ್ಟುಹೋದರು.

ಎರಡನೆಯ ಪರೀಕ್ಷೆಯಲ್ಲಿ ಆ ಸುಳ್ಳು ಹೆಸರಿಗೆ ಎರಡೂ ಕಡೆ ಬಾಗಿಲು ಮುಚ್ಚಿತ್ತು. ಪರ್ಮನೆಂಟ್ ಪತ್ರ ಬಂದದ್ದು ಹನ್ನೆರಡು ದಿನದ ಮೇಲೆ. ಸಹಿ ರವಿಶಂಕರ್ ಅವರದೇ, ಅದನ್ನೂ ಹೇಳಬೇಕು. ಆದರೆ ಅವತ್ತು ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ನಾನು ಮಗ್ಗ ಕೂಡಿಸಿ ಓಡಿಸಿ ತೋರಿಸಿದೆ. ಮುನಿರತ್ನಮ್ಮ ಕತ್ತರಿಯ ನೆನಪೇ ಇಲ್ಲದೆ ಕಾಫಿ ಲೋಟ ಮುಂದೆ ಹಿಡಿದಳು.

"ಅಲ್ಲಿಡು ಕಣಮ್ಮ" ಎಂದೆ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ನಾನೇ ಕತ್ತರಿ ಹುಡುಕಿ ತಂದು ಅಕ್ಷತಳ ಕೈಗಿಟ್ಟೆ. "ಕತ್ತರ್ಸಮ್ಮ, ನೋಡೇಬಿಡಾಣ."

ಅವಳು ಎಳೆ ಕತ್ತರಿಸಿ ಮಗ್ಗ ಚಾಲೂ ಮಾಡಿದಳು. ಲಾಳಿ ಒಂದು ಸಲ ಆ ಕಡೆ ಹೋಯಿತು, ಮಗ್ಗ ನಿಂತಿತು.

"ಪಾಸ್ ಮಾಮ" ಎಂದಳು. ಕಾಫಿ ಆರಿಹೋಗಿತ್ತು. ಆದರೂ ಕುಡಿದೆ.