ಅವ್ವನ ಮೊಣಕಾಲಿಗೆ ಹಾಕಿದ ದಾರ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಅವ್ವನ ಬಲ ಮೊಣಕಾಲಿನ ಕೀಲು ಬದಲಿಸಬೇಕೆಂದು ರಾಮದಾಸಪೇಠದ ಡಾಕ್ಟರು ಹೇಳಿದಂದಿನಿಂದಂತೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೆ. ಬ್ಯಾಂಕಿನಲ್ಲಿ ರಜೆ ಹೊಂದಿಸಬೇಕು, ರಕ್ತ ಪರೀಕ್ಷೆ ಮಾಡಿಸಬೇಕು, ಮನೆಯಲ್ಲಿ ಕಮೋಡು ಕೂರಿಸಬೇಕು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಯಾರನ್ನಾದರೂ ಕೇಳೋಣವೆಂದರೆ ನಾಗಪುರದ ನಮ್ಮ ಬಳಗದಲ್ಲಿ ಆ ಆಪರೇಷನ್ ಮಾಡಿಸಿಕೊಂಡವರೇ ಇರಲಿಲ್ಲ.

ಅವ್ವನಿಗೆ ಆಪರೇಷನ್ನಿನ ಭಯವಿರಲಿಲ್ಲ. ಅವಳನ್ನು ಕಾಡಿದ್ದು ದಾರ. ನಮ್ಮ ಕೆಳಗಿನ ಮನೆಯಲ್ಲಿ, ಊರ ಪಕ್ಕದ ಕಾಮಠಿಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದ ಮರಾಠಿ ಅಜ್ಜ ಒಬ್ಬರಿದ್ದರು. ಗಾಯದೊಳಗೆ ಕರಗಿಹೋಗುವ ದಾರವನ್ನು ಕುರಿಯ ಕರುಳಿನಿಂದ ಮಾಡುತ್ತಾರೆ ಎಂದು ಮಾತಿಗೆ ಮಾತು ಬಂದು ಹೇಳಿಬಿಟ್ಟಿದ್ದರು. ಇವಳೋ ದಿನಾ ಮಡಿಯುಟ್ಟು ಪೂಜೆ ಮಾಡುವ, ಈರುಳ್ಳಿಯನ್ನೂ ಮುಟ್ಟದ ಧಾರವಾಡದ ಹೆಂಗಸು.

"ಡಾಕ್ಟರಿಗೆ ಕೇಳು," ಎಂದಳು. "ರೇಷ್ಮಿ ದಾರದ್ಲೆ ಹೊಲೀತಾರೇನು ಕೇಳು. ರೇಷ್ಮಿ ಆದ್ರ ಮಡಿಗೆ ಅಡ್ಡಿಯಿಲ್ಲ."

ಕೇಳಿದೆ, ಆದರೆ ಅರ್ಧ ಮಾತ್ರ. ರೇಷ್ಮೆ ಬೇಡ, ಅದರ ಎಳೆಗಳ ನಡುವೆ ಕ್ರಿಮಿಗಳು ಸೇರಿಕೊಳ್ಳುತ್ತವೆ, ಹೊಸ ಕೀಲಿಗೆ ಸೋಂಕು ತಗುಲಿದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಾದೀತು ಎಂದರು ಡಾಕ್ಟರು. ಒಳಗೆ ಕರಗುವ ದಾರ, ಚರ್ಮದ ಮೇಲೆ ಉಕ್ಕಿನ ಪಿನ್ನು. ಆ ಕರಗುವ ದಾರ ಯಾತರದ್ದು ಎಂದು ಕೇಳಲು ಬಾಯಿ ತೆರೆದೆ. ಮಡಿ ಮೈಲಿಗೆಯ ಮಾತೆತ್ತಿದರೆ ಈ ಮನುಷ್ಯ ಏನಂದುಕೊಂಡಾನು ಎಂದು ನಾಚಿಕೆಯಾಗಿ ಸುಮ್ಮನಾದೆ. ಹೊರಗೆ ಬಂದು ಅವ್ವನಿಗೆ, ಎಲ್ಲಾ ರೇಷ್ಮೆಯೇ ಅಂತೆ ಎಂದೆ. ಆ ಮಾತು ನಂಬಿ ಅವಳು ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲಿನ ಎರಡು ವಾರ ನನಗೆ ನೆಮ್ಮದಿಯೆಂಬುದಿರಲಿಲ್ಲ. ಪಟ್ಟಿ ಬದಲಿಸುವಾಗಲೆಲ್ಲ ಅವಳಿಗೆ ಗಾಯ ಕಾಣದಂತೆ ಅಡ್ಡ ನಿಲ್ಲುತ್ತಿದ್ದೆ. ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಅವಳು ಜಪ ಶುರು ಮಾಡಿದರೆ ನನಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಳಗೆ ಹೋಗಿರುವುದು ಕರುಳೇ ಆಗಿದ್ದರೆ? ಈಗಲಾದರೂ ಕೇಳಿಬಿಡೋಣವೆಂದು ಎರಡು ಸಲ ಡಾಕ್ಟರ ಕೋಣೆಯ ತನಕ ಹೋಗಿ, ಬಾಗಿಲಿನಿಂದಲೇ ವಾಪಸಾದೆ. ಹೌದು ಎಂದುಬಿಟ್ಟರೆ ಏನು ಮಾಡಲಿ ಎಂಬ ಹೆದರಿಕೆ.

ಪಿನ್ನು ತೆಗೆಯುವ ದಿನ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದಳು. ಸಣ್ಣ ಇಕ್ಕಳದಂಥದ್ದರಿಂದ ಒಂದೊಂದೇ ಪಿನ್ನು ಕಿತ್ತು ಸ್ಟೀಲಿನ ತಟ್ಟೆಗೆ ಹಾಕತೊಡಗಿದಳು. ಅವ್ವ ನೋಡಿದಳು. ರೇಷ್ಮೆ ಎಲ್ಲಿ ಎಂದು ನನ್ನನ್ನು ಕೇಳಲಿಲ್ಲ, ತನ್ನ ಮುರುಕು ಹಿಂದಿಯಲ್ಲಿ ನರ್ಸಮ್ಮನನ್ನೇ ಕೇಳಿದಳು. ರೇಷ್ಮೆ ಹಾಕಿಯೇ ಇಲ್ಲ, ಒಳಗಿನ ದಾರ ಕಾರ್ಖಾನೆಯಲ್ಲಿ ತಯಾರಾದದ್ದು, ಯಾವ ಪ್ರಾಣಿಯದ್ದೂ ಅಲ್ಲ ಎಂದಳು ಆಕೆ, ತಲೆಯೆತ್ತದೆ.

ಇಷ್ಟು ಕೇಳಲು ನನಗೆ ಎರಡು ವಾರ ಧೈರ್ಯ ಸಾಲದೆ ಹೋಗಿತ್ತು. ನನ್ನ ಮೇಲೆ ನನಗೇ ಸಿಟ್ಟು ಉಕ್ಕಿ ಬಂತು. ಅಂತೂ ಮಡಿಗೆ ಧಕ್ಕೆಯಾಗಲಿಲ್ಲವಲ್ಲ ಎಂದು ಅವ್ವನ ಮುಂದೆ ಹಲ್ಲು ಕಿರಿದೆ. ಮನೆ ಸೇರಿದ ಮೇಲೆ ಅವಳು ವಾಕರ್ ಹಿಡಿದು ನಿಂತು ಅಂದಳು:

"ಕರುಳಿಂದು ಅಂತ ಹೇಳಿದ್ರೂ ಹಾಕಿಸ್ಕೋತಿದ್ದೆ. ನನಗ ನಡೀಬೇಕಾಗಿತ್ತು. ಖರೇ ಏನದ ಅಂತ ತಿಳ್ಕೊಂಡು ಹಾಕಿಸ್ಕೋತಿದ್ದೆ, ಅಷ್ಟ."

ಮರುವರ್ಷ ಎಡ ಮೊಣಕಾಲಿನ ಸರದಿ. ಡಾಕ್ಟರ ಕೋಣೆಯ ಬಾಗಿಲಲ್ಲಿ ಅವ್ವ ನನ್ನ ಕೈಯಿಂದ ಎಕ್ಸ್‌ರೇ ಲಕೋಟೆ ತೆಗೆದುಕೊಂಡು, ನೀ ಇಲ್ಲೇ ಕೂಡು ಎಂದು ಒಬ್ಬಳೇ ಒಳಗೆ ಹೋದಳು. ಅವಳು ತಡವರಿಸಿ ಕೇಳುವುದು, ಡಾಕ್ಟರು ಸಾವಧಾನವಾಗಿ ಉತ್ತರಿಸುವುದು ಅಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನು ಎದ್ದು, ಕೂತು, ಮತ್ತೆ ಎದ್ದೆ. ಅವಳು ಹೊರಗೆ ಬಂದದ್ದೇ ತಡ, ಯಾವ ದಾರ ಹಾಕುತ್ತಾರಂತೆ ಎಂದು ಕೇಳಿದೆ.

"ನನಗ ಹೇಳ್ಯಾರ," ಎಂದು ಅವ್ವ ಮುಂದೆ ನಡೆದಳು.